ನಿನ್ನ ಪಪ್ಪನ ಕಾಗೆ

ಚೆಂಬೂರು, ಮುಂಬಯಿ
17 ಫೆಬ್ರವರಿ 2025, ಸೋಮವಾರ ಮಧ್ಯಾಹ್ನ

ಪ್ರೀತಿಯ ಮಗಳು ಯಕ್ಷಿತಾಳಿಗೆ,

ಅಮ್ಮನ ತುಂಬು ಆಶೀರ್ವಾದ. ಹೇಗಿದ್ದೀ ಮಗಾ? ಕೆಮ್ಮು ಕಡಿಮೆಯಾಯಿತಾ? ನಿಮ್ಮ ದಹಿಸರ್ ಬಿಲ್ಡಿಂಗಿನ ಎದುರು ರಸ್ತೆ ಅಗೆಯುವುದು ಇನ್ನೂ ನಿಂತಿಲ್ಲ ಎಂದೆಯಲ್ಲ, ಆ ಧೂಳು ಕುಡಿದು ಕೆಮ್ಮು ಬಾರದೆ ಇನ್ನೇನು ಬರುತ್ತದೆ. ಕಾಳುಮೆಣಸು, ಜೀರಿಗೆ ಕುದಿಸಿ ಬೆಲ್ಲ ಹಾಕಿ ಕುಡಿ. ಮಾತ್ರೆ ನುಂಗಿಕೊಂಡು ಆಫೀಸಿಗೆ ಓಡಬೇಡ. ಅನಿಲ ಹೇಗಿದ್ದಾನೆ? ಇಡೀ ದಿನ ಸೈಟಿನಲ್ಲಿ ನಿಲ್ಲುವ ಹುಡುಗ, ಫೆಬ್ರವರಿಯಲ್ಲೇ ಬಿಸಿಲು ಸುಡಲು ಶುರುವಾಗಿದೆ, ಟೊಪ್ಪಿ ಹಾಕಲು ಹೇಳು. ನಿನ್ನ ಅತ್ತೆ ಬಸಲಿಂಗವ್ವನವರ ಮೊಣಕಾಲಿಗೆ ನಾನು ಕಳಿಸಿದ ಎಣ್ಣೆ ಹಿಡಿಸಿತಾ? ಅವರು ಕೊಟ್ಟು ಕಳಿಸಿದ ಶೇಂಗಾ ಚಟ್ನಿಯ ಡಬ್ಬಿ ಖಾಲಿಯಾಗಿದೆ. ನಾನು ತಿಂದದ್ದು ಎರಡೇ ಚಮಚ. ಉಳಿದದ್ದು ಯಾರ ಹೊಟ್ಟೆಗೆ ಹೋಯಿತು ಎಂದು ಮುಂದೆ ಬರೆಯುತ್ತೇನೆ. ಶನಿವಾರ ಮಾತಾಡುವಾಗ, ಎರಡು ಮೂರು ದಿನದಿಂದ ಯಾರೋ ಕಾಲ್ ಮಾಡಿ ಮಾತಿಲ್ಲದೆ ಇಟ್ಟುಬಿಡುತ್ತಾರೆ ಎಂದು ಗೊಣಗಿದೆಯಲ್ಲ, ಹುಷಾರಾಗಿರು. ಈಗ ಎಲ್ಲಾ ಕಡೆ ಅದೇ ಕಾಟ, ಹೀಗೆ ಶುರು ಮಾಡಿ ಆಮೇಲೆ ಬ್ಯಾಂಕಿನ ಹಣ ನುಂಗುತ್ತಾರಂತೆ. ಅನಿಲ ಹೇಳಿದಂತೆ ಆ ನಂಬರನ್ನು ಬ್ಲಾಕ್ ಮಾಡಿಬಿಡು.

ಫೋನು ಇರುವಾಗ ಪತ್ರ ಯಾಕೆ ಎಂದು ನಗಬೇಡ. ನಮ್ಮ ಮನೆ ನಿನಗೆ ಗೊತ್ತು. ಒಂದು ಹಾಲ್, ಒಂದು ಅಡುಗೆಮನೆ. ಒಲೆಯ ಹತ್ತಿರ ಪಿಸುಗುಟ್ಟಿದ್ದು ಬಾಲ್ಕನಿಗೆ ಕೇಳುತ್ತದೆ. ನಾನು ಕೆಳಗೆ ತರಕಾರಿಗೆ ಹೋದಾಗ ಫೋನ್ ಮಾಡಿದರೆ, ಪಪ್ಪನ ವಿಷಯ ಎತ್ತಿದ ಕೂಡಲೇ ನೀನು ‘ಮಮ್ಮಿ, ವೋ ಟಾಪಿಕ್ ಮತ್ ನಿಕಾಲ್, ಪ್ಲೀಸ್’ ಎಂದು ಇಟ್ಟುಬಿಡುತ್ತೀ. ಪತ್ರವನ್ನು ಹಾಗೆ ಅರ್ಧದಲ್ಲಿ ಕಟ್ ಮಾಡಲು ಮನಸ್ಸು ಬರುವುದಿಲ್ಲ. ಅಜ್ಜಿ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನಿಂದ ಬಂದ ಪತ್ರಗಳನ್ನೆಲ್ಲ ಓದಿಸಿ ಓದಿಸಿ ಕನ್ನಡ ಕಲಿಸಿದ್ದು ಇಂಥ ದಿನಕ್ಕೇ ಇರಬೇಕು. ನಿಧಾನವಾಗಿ ಓದು. ಕಷ್ಟವಾಯಿತೆಂದು ಅನಿಲನ ಕೈಗೆ ಕೊಡಬೇಡ, ಇದರಲ್ಲಿ ನಿನ್ನ ಪಪ್ಪನ ಮಾನ ಇದೆ. ಓದಿ ಮುಗಿಸಿದ ಮೇಲೆ ಬೇಕಾದರೆ ಅವನಿಗೆ ನೀನೇ ಹೇಳು, ಅವನು ಯಾರಿಗೂ ಆಡಿ ತೋರಿಸುವ ಹುಡುಗನಲ್ಲ.

ಪಪ್ಪ ರಿಟೈರಾದದ್ದು ದಸರಾ ಹೊತ್ತಿಗೆ ಎಂದು ಹೇಳಿದ್ದೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಜೀವಮಾನವಿಡೀ ಬಂದವರ ಹೋದವರ ಮುಖ ನೋಡುತ್ತಿದ್ದ ಮನುಷ್ಯ, ಈಗ ಇಡೀ ದಿನ ನನ್ನ ಒಂದು ಮುಖ ನೋಡಿಕೊಂಡು ಕೂರಬೇಕೆಂದರೆ ಹೇಗೆ. ಹೋಟೆಲಿನವರು ಕೊಟ್ಟಿದ್ದ ಮೊಬೈಲನ್ನು ಹೋಟೆಲಿಗೇ ಕೊಟ್ಟು ಬಂದರು. ಈಗ ಹೊಸ ಫೋನು, ಹೊಸ ಸಿಮ್ಮು; ಆ ನಂಬರು ನನಗೇ ಇನ್ನೂ ಬಾಯಿಗೆ ಬಂದಿಲ್ಲ. ಮೊದಲ ಒಂದು ತಿಂಗಳು ಬಾಲ ಸುಟ್ಟ ಬೆಕ್ಕಿನ ಹಾಗೆ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಓಡಾಡಿದರು. ನಾನು ಒಗ್ಗರಣೆಗೆ ಎಷ್ಟು ಸಾಸಿವೆ ಹಾಕಬೇಕು ಎಂದು ಹೇಳಿಕೊಡಲು ಬಂದರು. ಗ್ಯಾಸಿನವನ ಹತ್ತಿರ ಜಗಳ, ಲಿಫ್ಟಿನವನ ಹತ್ತಿರ ಜಗಳ. ಆಮೇಲೆ ಒಂದು ದಿನ ಕಪಾಟಿನ ಮೇಲೆ ದೊಡ್ಡ ಪಾತ್ರೆಗಳ ಹಿಂದೆ ಇಟ್ಟಿದ್ದ ನಿನ್ನ ಕ್ಯಾಮೆರಾ ತೆಗೆದರು. ಬಳಸದಿದ್ದರೆ ಹಾಳಾಗುತ್ತದೆ ಎಂದು ನನಗೆ ಹೇಳಿದರು. ನಾನು ಕೇಳಿರಲೇ ಇಲ್ಲ. ಚೀಲದ ಮುಚ್ಚಳದ ಒಳಗೆ ನೀನು ಕಾಲೇಜಿಗೆ ಹೋಗುವಾಗ ಅಂಟಿಸಿದ ಚೀಟಿ ಹಾಗೇ ಇದೆ: ಯಕ್ಷಿತಾ, ನಿನ್ನ ನಂಬರು, ಕೆಳಗೆ ‘ಸಿಕ್ಕಿದವರು ದಯವಿಟ್ಟು ಫೋನ್ ಮಾಡಿ’ ಎಂದು ಇಂಗ್ಲಿಷಿನಲ್ಲಿ. ಅದನ್ನು ಅವರು ಓದುತ್ತಾ ನಿಂತದ್ದನ್ನು ನಾನು ಕಂಡೂ ಕಾಣದ ಹಾಗೆ ಒಳಗೆ ಹೋದೆ.

ನಮ್ಮ ಕಾಲೊನಿಯ ರಾಧಿಕಾ ಟೀಚರ್ ನಿನಗೆ ಗೊತ್ತಲ್ಲ, ಪಕ್ಕದ ವಿಂಗಿನವರು. ಅವರು ಪ್ರತಿ ಚಳಿಗಾಲ ಭಾನುವಾರ ಬೆಳಿಗ್ಗೆ ರಿಟೈರಾದವರ ಒಂದು ಗುಂಪು ಕಟ್ಟಿಕೊಂಡು ಹಕ್ಕಿಗಳ ಫೋಟೋ ತೆಗೆಯಲು ಮಾಹುಲ್ ಖಾಡಿಯ ಕೆಸರು ದಂಡೆಗೆ ಹೋಗುತ್ತಾರೆ. ಪಪ್ಪನೂ ಸೇರಿಕೊಂಡರು. ಮೊದಲಿನ ಫೋಟೋಗಳನ್ನು ನೀನು ನೋಡಬೇಕಿತ್ತು. ಫ್ಲೆಮಿಂಗೊ ಎಂದು ತೋರಿಸಿದರೆ ಕೆಸರಿನ ಮೇಲೆ ಯಾರೋ ಗುಲಾಬಿ ಬಣ್ಣದ ಪೇಂಟ್ ಚೆಲ್ಲಿದ ಹಾಗಿತ್ತು. ಸ್ಟೇಷನ್ ಮೆಟ್ಟಿಲಿನ ನಾಯಿಗೆ ತಲೆ ಇದ್ದರೆ ಬಾಲ ಇಲ್ಲ, ಬಾಲ ಇದ್ದರೆ ಅದು ಬೇರೆ ನಾಯಿಯದು. ಮೀನು ಮಾರ್ಕೆಟಿನ ಬೆಕ್ಕು, ಕಾಂಪೌಂಡಿನ ಮುಂಗುಸಿ, ನನ್ನ ಕರಿಬೇವಿನ ಕುಂಡದ ಚಿಟ್ಟೆಹುಳ, ಎಮ್ಮೆಯ ಬೆನ್ನಿನ ಮೇಲಿನ ಬೆಳ್ಳಕ್ಕಿ, ಏನೂ ಬಿಡಲಿಲ್ಲ. ಸ್ವೆಟರ್ ಹಾಕಿಕೊಂಡು, ಅಜ್ಜಿಯ ಮಫ್ಲರ್ ಸುತ್ತಿಕೊಂಡು, ಕುತ್ತಿಗೆಗೆ ನಿನ್ನ ಕ್ಯಾಮೆರಾ ನೇತುಹಾಕಿಕೊಂಡು ಹೊರಟರೆ ಸಾಕು, ಬಿಲ್ಡಿಂಗಿನ ಮಕ್ಕಳು ‘ಅಂಕಲ್, ಹಮಾರಾ ಭೀ ಏಕ್ ಫೋಟೋ’ ಎಂದು ಹಿಂದೆ ಬೀಳುತ್ತಿದ್ದರು. ನನಗೂ ಖುಷಿಯೇ ಆಯಿತು. ಮನೆಯಲ್ಲಿ ಸಾಸಿವೆಯ ಲೆಕ್ಕ ಕೇಳುವವರು ಇಲ್ಲ. ಡಿಸೆಂಬರಿನಲ್ಲಿ ರಾಧಿಕಾ ಟೀಚರ್, ಕಂಡದ್ದನ್ನೆಲ್ಲ ತೆಗೆಯಬೇಡಿ, ಒಂದೇ ಜೀವಿಯನ್ನು ಹಿಡಿದು ದಿನಾ ನೋಡಿ, ಆಗ ಕೈ ಪಳಗುತ್ತದೆ ಎಂದು ಎಲ್ಲರಿಗೂ ಹೇಳಿದರು. ಒಬ್ಬರು ಅಳಿಲು ಹಿಡಿದರು, ಒಬ್ಬರು ಕಡಲಹಕ್ಕಿ ಹಿಡಿದರು. ನಿನ್ನ ಪಪ್ಪ ಕಾಗೆ ಹಿಡಿದರು. ಅಷ್ಟು ಚಂದದ ಹಕ್ಕಿಗಳಿರುವಾಗ ಕಾಗೆ ಯಾಕೆ ಎಂದು ಟೀಚರ್ ನನ್ನನ್ನು ಕೇಳಿದರು. ನಾನು ನಕ್ಕು ಮಾತು ಬದಲಿಸಿದೆ.

ಯಾಕೆ ಎಂದು ನಿನಗೆ ಹೇಳಬೇಕು. ಕಳೆದ ವರ್ಷ ಅಜ್ಜಿ ತೀರಿಕೊಂಡ ಮೇಲೆ ಬೊಜ್ಜದ ದಿನ ಏನಾಯಿತು ಎಂದು ನಾನು ನಿನಗೆ ಇಷ್ಟು ದಿನ ಪೂರ್ತಿ ಹೇಳಿಲ್ಲ. ಆ ಹದಿಮೂರನೆಯ ದಿನ, ಕ್ರಿಯೆ ಎಲ್ಲ ಮುಗಿದು, ಬಾಳೆಲೆಯಲ್ಲಿ ಅನ್ನ ಬಡಿಸಿ ಟೆರೇಸಿನ ಕಟ್ಟೆಯ ಮೇಲೆ ಇಟ್ಟೆವು. ಕಾಗೆ ಬಂದು ಮುಟ್ಟಬೇಕು, ಮುಟ್ಟಿದರೆ ಹೋದವರಿಗೆ ತೃಪ್ತಿ, ಆಮೇಲೆ ನಮಗೆ ಊಟ. ಕಾಗೆ ಬರಲಿಲ್ಲ. ಮಲಾಡಿನ ದೂಜ ಮಾಮ, ಪಪ್ಪನ ಸೋದರಮಾವನ ಮಗ, ಅವರೇ ಹಿರಿಯರಾಗಿ ನಿಂತಿದ್ದರು. ಕಾ ಕಾ ಎಂದು ಕರೆದು ಕರೆದು ಅವರ ಗಂಟಲು ಕಟ್ಟಿತು. ಅಜ್ಜಿಗೆ ಒಣ ಸಿಗಡಿ ಚಟ್ನಿ ಎಂದರೆ ಜೀವ ಎಂದು ಅದನ್ನೂ ತರಿಸಿ ಎಲೆಗೆ ಹಾಕಿದರು. ಇಂಥ ಹೊತ್ತಿಗೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ತಿಳಿದು ಒಂದೊಂದೇ ಮಾತು ಕೊಡುತ್ತಾರಲ್ಲ, ಹಾಗೆ ಕೊಟ್ಟರು. ಊರಿನ ದೈವಕ್ಕೆ ತಂಬಿಲ ಕೊಡುತ್ತೇವೆ, ಬಾವಿಯ ಕಟ್ಟೆ ಸರಿ ಮಾಡಿಸುತ್ತೇವೆ, ವಿನೋದಿನಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ. ನನ್ನ ಹೆಸರಿಗೂ ಕಾಗೆ ಬರಲಿಲ್ಲ, ನನ್ನ ಅತ್ತೆಗೆ ನನ್ನ ಮೇಲೆ ಅಷ್ಟು ನಂಬಿಕೆ, ಇವಳು ತಾನೇ ನೋಡಿಕೊಳ್ಳುತ್ತಾಳೆ ಎಂದು. ಕೊನೆಗೆ ದೂಜ ಮಾಮ ಪಪ್ಪನ ಬೆನ್ನು ತಟ್ಟಿ, ‘ಧರ್ಮಾ, ಇನ್ನು ನೀನೇ ಹೇಳು ಮಾರಾಯ. ಅವರ ಜೀವ ಯಾರ ಮೇಲೆ ಉಂಟೂಂತ ಎಲ್ಲರಿಗೂ ಗೊತ್ತುಂಟು. ಮಗುವನ್ನು ಕರೀತೇನೆಂತ ಒಂದು ಮಾತು ಹೇಳಿಬಿಡು’ ಎಂದರು. ಆಗ ನಿನ್ನ ಪಪ್ಪ ಹೇಳಿದ್ದು, ‘ಬೇರೆ ಎಂತ ಬೇಕಾದರೂ ಕೇಳಲಿ.’ ಹಿಂದಿನ ಅಶ್ವತ್ಥ ಮರದಲ್ಲಿ ಒಂದು ಕೋಗಿಲೆ ಬೆಳಿಗ್ಗೆಯಿಂದ ಬಿಡದೆ ಕೂಗುತ್ತಿತ್ತು. ಮೊದಲು ಅದರ ಬಾಯಿ ಮುಚ್ಚಿಸಿ ಎಂದು ಪಪ್ಪ ಸಿಡುಕಿದರು. ಮೂರು ಗಂಟೆ ಹೊಡೆದ ಮೇಲೆ ಆ ಎಲೆಯನ್ನು ಕೊಂಡುಹೋಗಿ, ಸ್ಟೇಷನ್ ಹತ್ತಿರ ಹಸು ಕಟ್ಟಿಕೊಂಡು ಕೂರುವ ಹೆಂಗಸಿನ ಹಸುವಿಗೆ ಕೊಟ್ಟು ಬಂದೆವು. ಆ ದಿನದ ಊಟ ಯಾರಿಗೂ ಸೇರಲಿಲ್ಲ.

ನನ್ನನ್ನು ಕೇಳಿದರೆ, ಅಂದು ಹೋಳಿಯ ಹಿಂದಿನ ದಿನ, ಪಕ್ಕದ ಟೆರೇಸಿನಿಂದ ಮಕ್ಕಳು ಬೆಳಗಿನಿಂದಲೇ ನೀರಿನ ಬಲೂನು ಎಸೆಯುತ್ತಿದ್ದರು, ಬುದ್ಧಿ ಇರುವ ಯಾವ ಕಾಗೆ ಬಂದೀತು. ಇದನ್ನು ನಾನು ಪಪ್ಪನಿಗೆ ಹತ್ತು ಸಲ ಹೇಳಿದ್ದೇನೆ. ಆದರೆ ಅತ್ತೆ ಆಸ್ಪತ್ರೆಯಲ್ಲಿ ಕೊನೆಯ ದಿನ ‘ಯಕ್ಷಿತಾ ಬಂದಳಾ’ ಎಂದು ಕೇಳುತ್ತಲೇ ಇದ್ದದ್ದು, ಆಮೇಲೆ ನೀನೂ ಅನಿಲನೂ ಸ್ಮಶಾನದ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತು ಹಾಗೇ ತಿರುಗಿ ಹೋದದ್ದು, ಎರಡನ್ನೂ ಅವರು ನೋಡಿದ್ದಾರೆ. ಹೊಟ್ಟೆಯೊಳಗೆ ಇದನ್ನೆಲ್ಲ ಇಟ್ಟುಕೊಂಡವರಿಗೆ ಬಲೂನಿನ ಕಥೆ ಹೇಳಿದರೆ ಹಿಡಿಸುತ್ತದಾ. ಇನ್ನು ನಿಮ್ಮಿಬ್ಬರ ಹಟವೋ, ಅದನ್ನು ನೆನೆದರೆ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಬಾಂದ್ರಾದಲ್ಲಿ ಮದುವೆ ರಿಜಿಸ್ಟರ್ ಮಾಡಿಕೊಂಡು ನೀವು ಬಂದ ದಿನ ಬಾಗಿಲಲ್ಲಿ ನಿಂತು ಅವರು ‘ನಾನು ಕರೆಯುವ ತನಕ ಈ ಮೆಟ್ಟಿಲು ಹತ್ತಬೇಡ’ ಎಂದರು. ನೀನು ‘ನೀವೇ ಕರೆದರೆ ಮಾತ್ರ ಬರ್ತೇನೆ’ ಎಂದೆ. ಎರಡೂ ಒಂದೇ ಮಾತು. ಇಷ್ಟು ಒಮ್ಮತ ಇರುವ ಅಪ್ಪ ಮಗಳನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ದಾದರಿನ ಸೇತುವೆಯ ಮೇಲೆ ನಾವು ಕದ್ದು ಭೇಟಿಯಾದಾಗ ಬಸಲಿಂಗವ್ವ ಒಂದು ಮಾತು ಹೇಳಿದ್ದರು, ‘ತವರ್ಮನಿ ಬಾಗ್ಲಾ ಮುಚ್ಚಬ್ಯಾಡ್ರಿ ಅಕ್ಕಾರ, ನಮ್ಮನ್ಯಾಗ ಅಕಿ ನಗ್ತಾಳ, ಖರೆ ಹಬ್ಬದ ದಿನಾ ಗಪ್ ಆಗ್ತಾಳ.’ ಆ ಮಾತು ನನ್ನನ್ನು ಇವತ್ತಿಗೂ ಕುಟುಕುತ್ತದೆ.

ಹಾಗಾಗಿ ಈ ಚಳಿಗಾಲ ನಿನ್ನ ಪಪ್ಪ ಫೋಟೋ ತೆಗೆದದ್ದಲ್ಲ ಮಗಾ, ಕಾಗೆ ಹುಡುಕಿದ್ದು. ಜನವರಿಯಲ್ಲಿ ಒಂದು ಸಿಕ್ಕಿತು. ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ಅಶ್ವತ್ಥದ ಎಲೆಗಳ ನಡುವೆ ಒಂದು ಕಾಗೆ, ಉಳಿದವುಗಳ ಹಾಗೆ ಕುತ್ತಿಗೆ ಬೂದಿ ಬಣ್ಣವಲ್ಲ, ಮೈಯೆಲ್ಲ ಕಪ್ಪು. ಬಾಯಿ ಬಿಡುವುದಿಲ್ಲ, ಕೆಳಗೆ ಇಳಿಯುವುದಿಲ್ಲ, ಮರೆಯಲ್ಲಿ ಕೂತು ನಮ್ಮ ಕಿಟಕಿಯ ಕಡೆ ನೋಡುತ್ತದೆ. ಪಪ್ಪ ದಿನಾ ಬೆಳಿಗ್ಗೆ ಬಿಸಿ ಅನ್ನ ಕಿಟಕಿಯ ಹಲಗೆಯ ಮೇಲೆ ಇಡುತ್ತಿದ್ದರು. ಬೂದಿ ಕುತ್ತಿಗೆಯವು ಬಂದರೆ ಓಡಿಸುತ್ತಿದ್ದರು. ಈ ಕಪ್ಪಿನದು ಬರುತ್ತಲೇ ಇರಲಿಲ್ಲ. ಒಂದು ದಿನ ಫೋಟೋವನ್ನು ದೊಡ್ಡದು ಮಾಡಿ ನನ್ನನ್ನು ಕರೆದು, ಕಣ್ಣು ನೋಡು ಎಂದರು. ಕಣ್ಣು ಕೆಂಪಾಗಿತ್ತು. ನಿನ್ನ ಅಜ್ಜಿಗೆ ಪೊರೆ ತೆಗೆಸಿದ ಮೇಲೆ ಕೊನೆಯವರೆಗೂ ಕಣ್ಣು ಹಾಗೇ ಕೆಂಪಾಗಿ ಇತ್ತಲ್ಲ. ನನಗೂ ಒಂದು ಕ್ಷಣ ಹೌದು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನೋಡಿದರೆ ಬೇರೆ ಕಾಗೆಗಳೆಲ್ಲ ಸೇರಿ ಅದನ್ನು ಮರದಿಂದ ಮರಕ್ಕೆ ಅಟ್ಟುತ್ತಿದ್ದವು. ಅಮ್ಮನಿಗೆ ಅಲ್ಲಿಯೂ ಜಾಗ ಕೊಡುವುದಿಲ್ಲ ಇವು ಎಂದು ನಿನ್ನ ಪಪ್ಪ ಕಿಟಕಿಯಲ್ಲಿ ನಿಂತು ಕಣ್ಣೊರೆಸಿಕೊಂಡರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆಯ ಚಿತೆಯ ಮುಂದೆಯೂ ಅತ್ತಿರಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ನೆಮ್ಮದಿ ಎನ್ನುವುದೇ ಇರಲಿಲ್ಲ. ಮಾಹುಲಿಗೆ ಹೋಗುವುದು ಬಿಟ್ಟರು. ರಾಧಿಕಾ ಟೀಚರ್ ಕರೆಯಲು ಬಂದರೆ ನೆಗಡಿ ಎಂದರು, ಫೋಟೋ ತೋರಿಸಿ ಎಂದರೆ ಕ್ಯಾಮೆರಾ ಕೆಟ್ಟಿದೆ ಎಂದರು. ಇದು ಮನೆಯ ವಿಷಯ, ಪರರಿಗೆ ತೋರಿಸುವುದಲ್ಲ ಎಂದು ಅವರ ಲೆಕ್ಕ. ಅನ್ನದ ಜೊತೆ ಒಂದು ದಿನ ಸಿಗಡಿ ಚಟ್ನಿ, ಒಂದು ದಿನ ನೀರುದೋಸೆ, ಒಂದು ದಿನ ಹಲಸಿನ ಹಪ್ಪಳ. ಎಲ್ಲ ಮುಗಿದ ಮೇಲೆ ನಿನ್ನ ಅತ್ತೆ ಕಳಿಸಿದ ಶೇಂ‍ಗಾ ಚಟ್ನಿ. ಅದು ಎಲ್ಲಿಯದು ಎಂದು ನಾನು ಹೇಳಿರಲಿಲ್ಲ, ಡಬ್ಬಿ ನೋಡಿಯೇ ಅವರಿಗೆ ತಿಳಿದಿತ್ತು. ‘ಅಮ್ಮ ಈ ರುಚಿ ನೋಡಿರಲಿಲ್ಲ’ ಎಂದು ಅನ್ನದ ತುದಿಯಲ್ಲಿ ಸ್ವಲ್ಪ ಇಟ್ಟರು. ಕಪ್ಪಿನದು ಕಣ್ಣು ಕೂಡ ಹಾಯಿಸಲಿಲ್ಲ. ಇಟ್ಟ ಅನ್ನವನ್ನು ಚೆಲ್ಲಬಾರದು ಎಂದು ಅವರೇ ಕೂತು ತಿಂದರು, ಆಮೇಲೆ ಡಬ್ಬಿಯನ್ನು ಊಟದ ತಟ್ಟೆಯ ಹತ್ತಿರವೇ ಇಟ್ಟುಕೊಂಡರು. ಚಟ್ನಿಯ ಲೆಕ್ಕ ಈಗ ಸರಿಯಾಯಿತಲ್ಲ. ಬಸಲಿಂಗವ್ವನವರಿಗೆ ಹೇಳು, ಇನ್ನೊಂದು ಡಬ್ಬಿ ಬೇಕಾಗುತ್ತದೆ ಎಂದು.

ಕಳೆದ ಭಾನುವಾರವಲ್ಲ, ಅದರ ಹಿಂದಿನ ಭಾನುವಾರ ಬೆಳಿಗ್ಗೆ. ನಾನು ಚಹಾ ಸೋಸುತ್ತಿದ್ದೆ. ಪಪ್ಪ ಕಿಟಕಿಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದರು. ಕಪ್ಪಿನದು ಅಂದು ಎಲೆಯ ಮರೆಯಿಂದ ಹೊರಗೆ ಬಂದು ಕೊಂಬೆಯ ತುದಿಯಲ್ಲಿ ಕೂತಿತ್ತು. ‘ಬಂತು, ಬಂತು, ಮಾತಾಡದೆ ನಿಲ್ಲು’ ಎಂದರು. ಅದು ಕುತ್ತಿಗೆ ಚಾಚಿತು, ಗಂಟಲು ಉಬ್ಬಿಸಿತು, ಇಡೀ ಚೆಂಬೂರಿಗೆ ಕೇಳುವ ಹಾಗೆ ಕುಹೂ ಎಂದಿತು. ನಿಲ್ಲಿಸಲಿಲ್ಲ, ಒಂದಕ್ಕಿಂತ ಒಂದು ಏರಿಸಿ ಏರಿಸಿ ಕೂಗಿತು. ವಸಂತ ಬಂದ ಮೇಲೆ ತಾನೇ ಕಾಗೆ ಯಾವುದು, ಕೋಗಿಲೆ ಯಾವುದು ಎಂದು ತಿಳಿಯುವುದು. ಶಾಲೆಯಲ್ಲಿ ನಮಗೆಲ್ಲ ಬಾಯಿಪಾಠ ಮಾಡಿಸಿದ್ದೇ. ಆದರೆ ಅದು ಚಳಿಗಾಲವಿಡೀ ಬಾಯಿ ಬಿಡದೆ ಕೂತರೆ ಯಾರಿಗೆ ಗೊತ್ತಾಗಬೇಕು. ಪಪ್ಪ ಕ್ಯಾಮೆರಾ ಕೆಳಗಿಳಿಸಿ, ‘ಕೋಗಿಲೆ ಮಾರಾಯ್ತಿ ಇದು’ ಎಂದರು. ನಾನು ನಗಬಾರದಿತ್ತು. ನಕ್ಕೆ. ಸೋಸುವ ಬಟ್ಟೆ ಕೈಯಲ್ಲೇ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕೆ, ಅತ್ತೆ ಇದ್ದಿದ್ದರೆ ಅವರೂ ಹಾಗೆಯೇ ನಗುತ್ತಿದ್ದರು. ತಿಂಗಳಿಡೀ ಅಮ್ಮಾ ಅಮ್ಮಾ ಎಂದು ಕರೆದು ಅನ್ನ ಇಟ್ಟದ್ದು, ಅನ್ನವನ್ನೇ ಮುಟ್ಟದೆ ಅಶ್ವತ್ಥದ ಹಣ್ಣು ತಿನ್ನುವ ಹಕ್ಕಿಗೆ. ಅದೂ ಬೊಜ್ಜದ ದಿನ ಬಾಯಿ ಮುಚ್ಚಿಸಿ ಎಂದು ಬೈದ ಹಕ್ಕಿಗೆ.

ಅವರು ನಗಲಿಲ್ಲ. ಚಪ್ಪಲಿ ಮೆಟ್ಟಿ ಹೊರಟುಹೋದರು. ಕ್ಯಾಮೆರಾ ಇಲ್ಲ, ಮಫ್ಲರ್ ಇಲ್ಲ. ಮಧ್ಯಾಹ್ನ ಮೀರಿ ಬಂದಾಗ ಕಾಲೆಲ್ಲ ಮಾಹುಲಿನ ಕೆಸರು. ಊಟಕ್ಕೆ ಕೂತು ಎದ್ದರು. ಮುಂದಿನ ಎರಡು ದಿನ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಮತ್ತೆ ಅದೇ ಓಡಾಟ. ನಗಬಾರದಿತ್ತು ಎಂದು ನನಗೂ ಸಂಕಟ. ನಡುವೆ ಒಮ್ಮೆ ನಿಂತು, ನನ್ನ ಕಡೆ ನೋಡದೆ, ‘ಅದು ಅಮ್ಮ ಅಲ್ಲದಿದ್ದರೆ ಅಮ್ಮ ಎಲ್ಲಿ’ ಎಂದು ಕೇಳಿದರು. ನನಗೆ ಹೊಳೆದದ್ದನ್ನು ಹೇಳಿದೆ. ಅತ್ತೆ ಎಲ್ಲಿದ್ದಾರೋ ಗೊತ್ತಿಲ್ಲ, ಅವರು ಕೇಳಿದ್ದು ಎಲ್ಲಿದೆ ಎಂದು ಗೊತ್ತು, ದಹಿಸರ್‌ನಲ್ಲಿದೆ ಎಂದೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಹಾಲ್‌ನಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ, ಅವರು ಕಿಟಕಿಯ ಹಲಗೆಗೆ ಅನ್ನ ಹಾಕಿದರು. ಯಾವಾಗಲೂ ಓಡಿಸುತ್ತಿದ್ದ ಆ ಬೂದಿ ಕುತ್ತಿಗೆಯ ಸಾದಾ ಕಾಗೆ ಬಂತು. ಓಡಿಸಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದು ನಿಂತರು. ನಿನ್ನ ಕ್ಯಾಮೆರಾ ನನ್ನ ಪಕ್ಕದ ಸ್ಟೂಲಿನ ಮೇಲಿತ್ತು. ನನಗೆ ಏನು ಅನ್ನಿಸಿತೋ, ಎತ್ತಿ ಒತ್ತಿದೆ. ಆಮೇಲೆ ಅವರ ಬಾಯಿಂದ ಮಾತು ಬಂತು, ಅಮ್ಮನ ಹತ್ತಿರ ಯಾವಾಗಲೂ ಆಡುತ್ತಿದ್ದ ತುಳುವಿನಲ್ಲಿ, ‘ಯಕ್ಷಿತನ್ ಲೆಪ್ಪುವೆ ಅಮ್ಮಾ’ ಎಂದು. ಕರೆಯುತ್ತೇನೆ ಎಂದು. ಎರಡು ಸಲ ಹೇಳಿದರು. ನಿನಗೊಂದು ಗುಟ್ಟು ಹೇಳುತ್ತೇನೆ, ಅವರ ಹತ್ತಿರ ಬಾಯಿ ಬಿಡಬೇಡ. ಅವರು ಮಾತು ಕೊಡುವಷ್ಟರಲ್ಲಿ ಕಾಗೆ ಅನ್ನವನ್ನೆಲ್ಲ ತಿಂದು ಹಾರಿಯಾಗಿತ್ತು. ಅವರು ಕಣ್ಣು ಮುಚ್ಚಿಕೊಂಡಿದ್ದರು, ನಾನು ಮುಚ್ಚಿರಲಿಲ್ಲ. ಅತ್ತೆ ಯಾವ ಮಾತಿಗೂ ಕಾಯಲಿಲ್ಲ ಮಗಾ, ಹಸಿವಾಗಿತ್ತು, ಬಂದರು, ಉಂಡು ಹೋದರು. ಮಗನ ಮೇಲೆ ಅವರಿಗೆ ಯಾವತ್ತು ಸಿಟ್ಟಿತ್ತು. ಆ ಫೋಟೋವನ್ನು ರಾಧಿಕಾ ಟೀಚರ್ ಹತ್ತಿರ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ನನ್ನ ಜೀವನದ ಮೊದಲ ಫೋಟೋ. ಕಾಗೆಯದು ಬಾಲ ಮಾತ್ರ ಬಂದಿದೆ, ಕಿಟಕಿ ಓರೆಯಾಗಿದೆ, ಪಪ್ಪನ ಮುಖ ಮಾತ್ರ ಸ್ಪಷ್ಟ ಇದೆ. ನಿನ್ನ ಹೆಸರು ಬಾಯಿಗೆ ಬರುವ ಮೊದಲಿನ ಮುಖ ಅದು.

ಅಜ್ಜಿಯ ವರ್ಷಾಂತಿಕ ಮಾರ್ಚ್ ಎರಡಕ್ಕೆ, ಭಾನುವಾರ. ಈ ಸಲವೂ ಟೆರೇಸಿನಲ್ಲಿ ಎಲೆ ಇಡುತ್ತೇವೆ. ನೀನು ಬಾ ಎಂದು ನಾನು ಬರೆಯುವುದಿಲ್ಲ. ದೀಪಾವಳಿಗೆ ನಾನು ಕರೆದಾಗ ‘ನೀನಲ್ಲ, ಪಪ್ಪ ಕರೀಲಿ’ ಎಂದು ನೀನು ಹೇಳಿದ್ದು ನೆನಪಿದೆ, ಅದು ತಪ್ಪು ಎಂದೂ ನಾನು ಹೇಳುವುದಿಲ್ಲ. ಆದರೆ ಬುಧವಾರ ಕೊಟ್ಟ ಮಾತು ಸೋಮವಾರವಾದರೂ ಹಾಗೇ ಉಳಿದಿದೆ, ಕೇಳಿದರೆ ‘ನೋಡುವ’ ಎನ್ನುತ್ತಾರೆ, ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಆ ದಿನ ದಾಟಿದರೆ ಈ ಮನುಷ್ಯ ಇನ್ನೊಂದು ವರ್ಷ ಕಾಗೆ ಹುಡುಕುತ್ತಾರೆ, ನನಗೆ ಅದನ್ನು ನೋಡುವ ಶಕ್ತಿ ಇಲ್ಲ. ಏನು ಮಾಡಬೇಕೆಂದು ನನಗೂ ತಿಳಿಯುತ್ತಿಲ್ಲ, ನಿನಗಾದರೂ ತಿಳಿಯಲಿ ಎಂದು ಎಲ್ಲವನ್ನೂ ಬರೆದೆ. ನೀವಿಬ್ಬರೂ ಸುಖವಾಗಿರಿ. ಅನಿಲನಿಗೆ ನನ್ನ ಆಶೀರ್ವಾದ, ಬಸಲಿಂಗವ್ವನವರಿಗೆ ನಮಸ್ಕಾರ ತಿಳಿಸು. ಕಷಾಯ ಮರೆಯಬೇಡ.

ನಿನ್ನ ದಾರಿ ಕಾಯುವ ಅಮ್ಮ,
ವಿನೋದಿನಿ

ತಾ.ಕ.: ಅಂಟು ಹಚ್ಚುವ ಮೊದಲು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಸುಧಾರಿಸಿಕೋ. ಪಪ್ಪ ಈಗಷ್ಟೇ ಬಂದು ಸ್ನಾನಕ್ಕೆ ಹೋದರು. ನನ್ನ ಫೋನು ಚಾರ್ಜಿನಲ್ಲಿತ್ತು, ಕೊರಿಯರಿನವನಿಗೆ ಹೇಳಲು ಅವರದನ್ನು ಎತ್ತಿದೆ. ಡಯಲ್ ಮಾಡಿದ ನಂಬರುಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ನಂಬರು. ಹೆಸರು ಹಾಕಿಲ್ಲ, ಆದರೆ ಅದು ನನಗೆ ಬಾಯಿಪಾಠ. ಕ್ಯಾಮೆರಾ ಚೀಲದ ಚೀಟಿಯಲ್ಲಿ ಇರುವುದೂ ಅದೇ. ಬುಧವಾರದಿಂದ ನಿನಗೆ ಮಾತಿಲ್ಲದೆ ಬರುತ್ತಿರುವ ಆ ಕಾಲ್ ಯಾವ ಕಳ್ಳನದ್ದೂ ಅಲ್ಲ. ಮೇಲೆ ಬ್ಲಾಕ್ ಮಾಡು ಎಂದು ಬರೆದದ್ದನ್ನು ಮರೆತುಬಿಡು, ಮಾಡಿದ್ದರೆ ಈಗಲೇ ತೆಗೆ. ಬ್ಲಾಕ್ ಮಾಡಬೇಡ ಎಂದು ಒಂದು ಮೆಸೇಜನ್ನೂ ಹಾಕುತ್ತೇನೆ, ಕಾರಣ ಮಾತ್ರ ಈ ಪತ್ರದಲ್ಲಿ. ನೀನಾಗಿ ತಿರುಗಿ ಫೋನ್ ಮಾಡಬೇಡ. ಕರೆಯುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟವರು ಅವರು, ಅವರೇ ಕರೆಯಲಿ. ಮುಂದಿನ ಸಲ ಕಾಲ್ ಬಂದಾಗ ಎತ್ತು. ಹಲೋ ಹಲೋ ಎಂದು ಬೊಬ್ಬೆ ಹಾಕಬೇಡ, ‘ಕೌನ್ ಹೈ’ ಎಂದು ಗದರಬೇಡ. ಕಿವಿಗೆ ಹಿಡಿದುಕೊಂಡು ಸುಮ್ಮನೆ ಕೂತಿರು. ಬಾಯಿ ಬಿಡಲು ಅವರಿಗೆ ಸ್ವಲ್ಪ ಹೊತ್ತು ಬೇಕು ಮಗಾ.